ಕೆರೆಗೆ ಬರುವ ಹಕ್ಕಿಯೂ ನೋಡುವವನ ಧರ್ಮವೂ

ಕಾರ್ತಿಕ ಕಳೆದು ಮಾರ್ಗಶಿರದ ಚಳಿ ಮೊದಲಾಯಿತೆಂದರೆ ನಮ್ಮ ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಕೆರೆಯ ಏರಿಗಳ ಮೇಲೆ ಬೆಳಗಿನ ಜಾವದಲ್ಲಿ ಒಂದು ಹೊಸ ಬಗೆಯ ಜನರನ್ನು ಕಾಣಬಹುದಾಗಿದೆ. ಇವರ ಕೈಯಲ್ಲಿ ಗಾಳವಿಲ್ಲ, ಬಲೆಯಿಲ್ಲ, ಒಗೆಯುವ ಬಟ್ಟೆಯ ಗಂಟೂ ಇಲ್ಲ. ಕೊರಳಲ್ಲಿ ಒಂದು ದುರ್ಬೀನು, ಕಿಸೆಯಲ್ಲಿ ಒಂದು ಪುಸ್ತಕ. ಗಂಟೆಗಟ್ಟಲೆ ನಿಂತು ನೀರಿನ ಕಡೆಗೆ ನೋಡುವರು, ಏನನ್ನೋ ಬರೆದುಕೊಳ್ಳುವರು, ಬಂದ ಕೈಯಲ್ಲಿಯೇ ಹೊರಟುಹೋಗುವರು. ಹಕ್ಕಿ ನೋಡುವವರೆಂದು ಇವರಿಗೆ ಹೆಸರು. ಹೊಲಕ್ಕೆ ಹೊರಟ ರೈತನು ಇವರನ್ನು ಕಂಡು ಒಂದು ಗಳಿಗೆ ನಿಂತು, "ಏನು ಸ್ವಾಮಿ, ಏನಾದರೂ ಸಿಕ್ಕಿತೆ?" ಎಂದು ಕೇಳುವನು. ಸಿಕ್ಕಿದ್ದು ಏನೂ ಇಲ್ಲವೆಂಬ ಉತ್ತರ ಬಂದರೆ ನಕ್ಕು ಮುಂದೆ ಹೋಗುವನು.

ರೈತನ ಆ ನಗೆಯನ್ನು ಹಗುರವಾಗಿ ಎಣಿಸಲಾಗದು. ಅದರ ಹಿಂದೆ ಗಂಭೀರವಾದ ಒಂದು ಆಕ್ಷೇಪವಿದೆ. ದುಡಿಯುವ ಕೈಗೆ ಮರ್ಯಾದೆ ಕೊಟ್ಟು ಕಾಯಕವನ್ನು ಪೂಜೆಯ ಸಾಲಿನಲ್ಲಿ ನಿಲ್ಲಿಸಿದ ಶರಣರ ಮಾರ್ಗದಲ್ಲಿ ನಡೆಯತಕ್ಕ ಗೃಹಸ್ಥನು ಹೀಗೆ ಕೈಕಟ್ಟಿ ನಿಂತು ನೀರನ್ನು ನೋಡುತ್ತಿರುವುದು ಯಾವ ಕಾಯಕ? ಇನ್ನೊಂದು ಆಕ್ಷೇಪವು ಮಠದ ಜಗುಲಿಯ ಮೇಲೆ ಕೇಳಿಬರತಕ್ಕದ್ದು: ಇಂದ್ರಿಯಗಳನ್ನು ಒಳಮುಖವಾಗಿಸುವುದೇ ಸಾಧಕನ ಹಾದಿಯಾಗಿರುವಾಗ ಕಣ್ಣಿಗೆ ಬಣ್ಣಬಣ್ಣದ ಹಬ್ಬ ಮಾಡಿಸುವುದು ವಿಷಯಸುಖದ ಮತ್ತೊಂದು ರೂಪವಲ್ಲವೆ? ಮನೆಯ ತಾಯಂದಿರು ಬೇರೆಯೇ ಮಾತನ್ನು ಎತ್ತುವರು. ಮೀನು ಕಪ್ಪೆಗಳನ್ನು ಜೀವಸಹಿತ ನುಂಗುವ ಕೊಕ್ಕರೆಯನ್ನು ಕಂಡು ಸಂತೋಷಪಡುವುದು ಭಕ್ತರ ಮನೆಯವರಿಗೆ ಒಪ್ಪುವುದೆ? ಎಲ್ಲ ಮಾತುಗಳಲ್ಲಿಯೂ ಹುರುಳಿದೆ. ಆದರೆ ಇವೆಲ್ಲಕ್ಕೂ ಹಿಂದೆ ಮತ್ತೊಂದು ಪ್ರಶ್ನೆಯು ಅಡಗಿರುವಂತೆ ನನಗೆ ತೋರುತ್ತದೆ. ನೋಡುವುದೆಂದರೇನು? ಅದು ಕೊಳ್ಳುವುದೋ, ಕೊಡುವುದೋ, ಎರಡೂ ಅಲ್ಲವೋ? ಇದನ್ನು ವಿಚಾರಿಸುವ ಮೊದಲು ಬರುವ ಅತಿಥಿಗಳಾರೆಂಬುದನ್ನು ಸ್ವಲ್ಪ ತಿಳಿಯಬೇಕು.

ನಮ್ಮದು ಹೊಳೆಯ ಸೀಮೆಯಲ್ಲ, ಕೆರೆಯ ಸೀಮೆ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷೆಯೂ ಜಯಮಂಗಲಿಯೂ ಮಳೆಗಾಲದಲ್ಲಿ ಹರಿದು ಬೇಸಗೆಯಲ್ಲಿ ಮರಳಾಗುವ ಹೊಳೆಗಳು. ಆದುದರಿಂದ ಹಿರಿಯರು ಹಳ್ಳಗಳಿಗೆ ಅಡ್ಡಲಾಗಿ ಏರಿ ಹಾಕಿ, ತೂಬಿಟ್ಟು, ಕೋಡಿ ಕಟ್ಟಿ ನೀರನ್ನು ನಿಲ್ಲಿಸಿದರು. ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ಸೀತಾದೇವಿಯ ಇಚ್ಛೆಯಂತೆ ಶ್ರೀರಾಮನೇ ಕಟ್ಟಿಸಿದನೆಂದು ಐತಿಹ್ಯ. ಕುಣಿಗಲ ಕೆರೆಯ ಸೊಬಗನ್ನು ಹಾಡುವ ಜನಪದ ಗೀತವನ್ನು ಕೇಳದ ಕನ್ನಡಿಗನಿಲ್ಲ. ಅದೇ ತಾಲ್ಲೂಕಿನಲ್ಲಿ ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿಯ ಜಲಾಶಯ, ತುಮಕೂರಿನ ಅಮಾನಿಕೆರೆ, ಊರ ಹೊರಗಿನ ಮೈದಾಳದ ಕೆರೆ, ಗುಬ್ಬಿಯ ಹಾದಿಯ ಮಲ್ಲಸಂದ್ರದ ಕೆರೆ, ಹೀಗೆ ಹೇಳುತ್ತ ಹೋದರೆ ಕೆರೆಯಿಲ್ಲದ ಊರನ್ನು ಹುಡುಕಬೇಕಾದೀತು. ಕೆರೆಯೆಂದರೆ ನೀರು ಮಾತ್ರವೇ ಅಲ್ಲ. ಏರಿಯ ಎದುರು ದಿಕ್ಕಿನಲ್ಲಿ, ಹಳ್ಳವು ಒಳಬರುವ ಕಡೆಯಲ್ಲಿ, ನೆಲವೂ ಅಲ್ಲದ ನೀರೂ ಅಲ್ಲದ ಒಂದು ಜೌಗು ಇರುತ್ತದೆ. ಜೊಂಡು, ಆಪು, ತಾವರೆ, ಮೊಳಕಾಲುದ್ದದ ಕೆಸರು. ಬೇಸಾಯಗಾರನ ಲೆಕ್ಕದಲ್ಲಿ ಇದು ಉಳಲು ಬಾರದ ಭೂಮಿ. ಸರ್ಕಾರದ ಕಾಗದದಲ್ಲಿ ಕೆರೆಯಂಗಳ. ಹಕ್ಕಿಯ ಲೆಕ್ಕದಲ್ಲಿ ಕೆರೆಯೆಂದರೆ ಇದೇ.

ಶ್ರಾವಣ ಭಾದ್ರಪದಗಳಲ್ಲಿಯೇ ಗದ್ದೆಗೊರವ ಮೊದಲಾದ ಕೆಸರುಹಕ್ಕಿಗಳು ಬರತೊಡಗುವವು. ಆಶ್ವಯುಜದ ಹೊತ್ತಿಗೆ ಬಾಲ ಕುಣಿಸುವ ಸಿಪಿಲೆಗಳೂ ತಂತಿಯ ಮೇಲೆ ಸಾಲುಗೂಡುವ ಕವಲುತೋಕೆಗಳೂ ಬರುವವು. ಕಾರ್ತಿಕ ಮಾರ್ಗಶಿರಗಳಲ್ಲಿ ಬಾತುಗಳ ಸರದಿ. ಸೂಜಿಯಂಥ ಬಾಲದವು ಕೆಲವು, ಹುಬ್ಬಿನ ಮೇಲೆ ಬಿಳಿಯ ಪಟ್ಟೆಯುಳ್ಳವು ಕೆಲವು, ಸಲಿಕೆಯಂಥ ಕೊಕ್ಕಿನಿಂದ ನೀರನ್ನು ಜರಡಿ ಹಿಡಿದು ಸೋಸಿ ಉಣ್ಣುವವು ಕೆಲವು. ಇವುಗಳ ತವರು ಯುರೋಪಿನ ಉತ್ತರಭಾಗ, ಸೈಬೀರಿಯ, ಮಧ್ಯ ಏಷ್ಯಗಳಲ್ಲಿರುವುದು. ಫಾಲ್ಗುಣ ಚೈತ್ರಗಳಲ್ಲಿ ಅಲ್ಲಿಗೇ ಹಿಂದಿರುಗಿ ಮರಿಮಾಡುವವು. ಇದು ಊಹೆಯ ಮಾತಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಮೊದಲಾದವರು ಹಕ್ಕಿಯ ಕಾಲಿಗೆ ಅಂಕಿ ಕೊರೆದ ಉಂಗುರ ತೊಡಿಸಿ ಹಾರಬಿಟ್ಟು, ದೂರದೇಶಗಳಲ್ಲಿ ಸಿಕ್ಕ ಉಂಗುರಗಳನ್ನು ಲೆಕ್ಕಕ್ಕೆ ತಂದು ಈ ಹಾದಿಯನ್ನು ಕಂಡುಹಿಡಿದಿದ್ದಾರೆ.

ಇವುಗಳಲ್ಲಿ ಹಿರಿಯ ಪಯಣಿಗನೆಂದರೆ ಪಟ್ಟೆತಲೆಯ ಹೆಬ್ಬಾತು. ಟಿಬೆಟ್ಟು, ಮಂಗೋಲಿಯಗಳ ಎತ್ತರದ ಸರೋವರಗಳ ಬಳಿ ಮರಿಮಾಡಿ, ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುವುದು. ಅದು 7,000 ಮೀಟರಿಗೂ ಮಿಕ್ಕ ಎತ್ತರದಲ್ಲಿ ಹಾರಿದುದನ್ನು ಅದರ ಮೈಗೆ ಕಟ್ಟಿದ ಸಣ್ಣ ಯಂತ್ರಗಳಿಂದ ಅಳೆದು ತಿಳಿದಿದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇವು ಸಾವಿರಗಟ್ಟಲೆ ಬರುವವು; 2024ರಲ್ಲಿ ಆ ಕೆರೆಯು ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕನ್ನಡನಾಡಿನ ಕೆರೆಗಳಲ್ಲಿ ಕಂಡುಬಂದುದುಂಟು. ಕಾಳಿದಾಸನ ಮೇಘದೂತದಲ್ಲಿ ಹಂಸಗಳು ಮಾನಸಸರೋವರಕ್ಕೆ ಹೊರಡುವ ವರ್ಣನೆಯನ್ನು ಬರಿಯ ಕವಿಸಮಯವೆಂದು ಪಂಡಿತರು ಬದಿಗಿರಿಸುವುದು ವಾಡಿಕೆ. ಈ ಹೆಬ್ಬಾತನ್ನು ಕಂಡ ಮೇಲೆ, ಆ ವರ್ಣನೆಯ ಹಿಂದೆ ಯಾರೋ ಒಬ್ಬನ ಕಣ್ಣು ಆಕಾಶವನ್ನು ನಿಜವಾಗಿ ನೋಡಿದ್ದಿತೆಂದು ಒಪ್ಪಬೇಕಾಗುತ್ತದೆ. ಹಾಲು ನೀರುಗಳನ್ನು ಬೇರ್ಪಡಿಸುವ ಮಾತನ್ನು ಮಾತ್ರ ಯಾವ ಹಕ್ಕಿಯೂ ಇದುವರೆಗೆ ನಡೆಸಿಕೊಟ್ಟಿಲ್ಲ. ಆ ಕೆಲಸವನ್ನು ನಮಗೇ ಬಿಟ್ಟಿರುವಂತೆ ಕಾಣುತ್ತದೆ.

ಮೇಲೆ ಗೊರವನ ಮಾತು ಬಂದಿತು. ಹಳಗನ್ನಡದಲ್ಲಿ ಗೊರವನೆಂದರೆ ಊರೂರು ತಿರುಗುವ ಶೈವಯತಿ, ಭಿಕ್ಷುಕ ಎಂಬ ಅರ್ಥವಿದೆ. ಈ ಹೆಸರಿನ ಸಾಮ್ಯವನ್ನು ಹಿಡಿದು, ಸ್ಥಾವರ ಜಂಗಮಗಳನ್ನು ಕುರಿತ ಬಸವಣ್ಣನವರ ಪ್ರಸಿದ್ಧವಾದ ವಚನವನ್ನು ನೆನೆದು, ಹಾರಿಬರುವ ಹಕ್ಕಿಯೇ ಜಂಗಮವೆಂದು ಈಚೆಗೆ ಕೆಲವರು ಭಾಷಣಗಳಲ್ಲಿ ಹೊಗಳುವುದುಂಟು. ನಾನು ಇದನ್ನು ಒಪ್ಪೆನು. ಚಲಿಸುವುದೆಂಬ ಸಾಮಾನ್ಯಾರ್ಥದಲ್ಲಿ ಹಕ್ಕಿಯೂ ಜಂಗಮ, ಇರುವೆಯೂ ಜಂಗಮ. ಶರಣರ ಅರ್ಥದಲ್ಲಿ ಜಂಗಮನೆಂದರೆ ಅರಿವು ಆಚಾರಗಳು ನಡೆದಾಡುವ ಮೂರ್ತಿ. ಹಕ್ಕಿಯನ್ನು ನಡೆಸುವುದು ಹಸಿವು, ಹಗಲಿನ ಉದ್ದ, ಹಿಮದ ಹೆದರಿಕೆ. ಸೈಬೀರಿಯದಲ್ಲಿ ನೀರು ಹೆಪ್ಪುಗಟ್ಟದೆ ಇದ್ದರೆ ಅದು ನಮ್ಮ ಊರಿನ ಕಡೆಗೆ ತಲೆಯಿಟ್ಟೂ ಮಲಗುತ್ತಿರಲಿಲ್ಲ. ಗುಬ್ಬಿಯ ಊರಿಗೆ ಆ ಹೆಸರು ಬಂದುದಕ್ಕೆ ಒಂದು ಐತಿಹ್ಯವಿದೆಯಷ್ಟೆ: ನಿತ್ಯವೂ ಪುರಾಣಶ್ರವಣಕ್ಕೆ ಬರುತ್ತಿದ್ದ ಗುಬ್ಬಿಗಳು ಪುರಾಣ ಮುಗಿದ ದಿನ ಪ್ರಾಣಬಿಟ್ಟು ಸದ್ಗತಿ ಪಡೆದುವೆಂದು. ಕೇಳಲು ಇಂಪಾದ ಕಥೆ; ಭಕ್ತಿಯ ಮಹಿಮೆಯನ್ನು ಹೇಳಲು ಹುಟ್ಟಿದ್ದು. ಆದರೆ ಹಕ್ಕಿಯು ನಮ್ಮ ಪುರಾಣವನ್ನು ಕೇಳಿದರೆ ಮಾತ್ರ ಅದಕ್ಕೆ ಬೆಲೆಯೆಂದು ಎಣಿಸತಕ್ಕದ್ದಲ್ಲ. ಅತಿಥಿಯ ಯೋಗ್ಯತೆ ಬೇರೆ, ಗೃಹಸ್ಥನ ಕರ್ತವ್ಯ ಬೇರೆ. ಹೊತ್ತಲ್ಲದ ಹೊತ್ತಿನಲ್ಲಿ ಹಸಿದು ಬಂದವನ ಕುಲಗೋತ್ರ ಕೇಳದೆ ಎಡೆಯಿಡುವುದು ನಮ್ಮ ಮನೆಗಳ ನಡೆ. ಬಂದವನು ಜ್ಞಾನಿಯೆಂದು ತೀರ್ಮಾನವಾದ ಮೇಲೆ ನೀರು ಕೊಡೋಣವೆಂದರೆ ಅದು ದಾಸೋಹವಾಗಲಾರದು.

ಹಕ್ಕಿಯನ್ನು ಹೊಗಳಿ ಮೇಲಕ್ಕೇರಿಸುವುದು ಹೇಗೆ ತಪ್ಪೋ ತೆಗಳಿ ಕೆಳಕ್ಕಿಳಿಸುವುದೂ ಹಾಗೆಯೇ. ಈ ಅನ್ಯಾಯವನ್ನು ಬಕಪಕ್ಷಿಯು ಬಹುಕಾಲದಿಂದ ಸಹಿಸಿಕೊಂಡು ಬಂದಿದೆ. ಮನುಸ್ಮೃತಿಯಲ್ಲಿ ಕಪಟವ್ರತಿಗೆ ಬಕವ್ರತಿಕನೆಂಬ ಹೆಸರು. ಪಂಚತಂತ್ರದ ಮುದಿಬಕವು ಮೀನುಗಳನ್ನು ಬೇರೆ ಕೊಳಕ್ಕೆ ಸಾಗಿಸುವೆನೆಂದು ನಂಬಿಸಿ ತಿಂದು, ಕೊನೆಗೆ ಏಡಿಯ ಕೊಂಡಿಗೆ ಕೊರಳೊಪ್ಪಿಸಿದ ಕಥೆಯನ್ನು ಪಾಠಶಾಲೆಯ ಹುಡುಗನೂ ಬಲ್ಲನು. ಬಕಧ್ಯಾನವೆಂಬ ಮಾತಂತೂ ಬೈಗುಳವಾಗಿಯೇ ನಿಂತುಬಿಟ್ಟಿದೆ. ಆದರೆ ಒಂದು ದಿನ ಕೆರೆಯಂಗಳದಲ್ಲಿ ನಿಂತು ಬೂದುಬಕವನ್ನು ನೋಡಿದವನಿಗೆ ಈ ಮಾತಿನ ಟೊಳ್ಳುತನ ತಿಳಿಯದಿರದು. ಒಂದು ಕಾಲನ್ನೆತ್ತಿ, ಕೊರಳನ್ನು ಒಳಕ್ಕೆ ಎಳೆದುಕೊಂಡು, ಅರ್ಧಗಂಟೆ ಅಲುಗಾಡದೆ ನಿಲ್ಲುವುದು. ಅದು ಯಾರ ಮುಂದೆಯೂ ಯತಿಯೆಂದು ಹೇಳಿಕೊಂಡಿಲ್ಲ. ವಿಭೂತಿ ಧರಿಸಿ ಯಾರ ಕಾಣಿಕೆಯನ್ನೂ ಕೊಂಡಿಲ್ಲ. ನಿಂತದ್ದು ಮೀನಿಗಾಗಿ, ಸಿಕ್ಕಿದ್ದೂ ಮೀನೇ. ಹೇಳುವುದೊಂದು ಮಾಡುವುದೊಂದು ಎಂಬ ಬಿರುಕು ಅದರಲ್ಲಿ ಎಳ್ಳಷ್ಟೂ ಇಲ್ಲ. ಆ ಬಿರುಕು ಇರುವುದು ಮನುಷ್ಯನಲ್ಲಿ. ತನ್ನ ಕಪಟಕ್ಕೆ ಒಂದು ಹೆಸರು ಬೇಕಾದಾಗ ಬಾಯಿಲ್ಲದ ಹಕ್ಕಿಯ ತಲೆಗೆ ಅವನು ಅದನ್ನು ಕಟ್ಟಿದನು.

ಕುಣಿಗಲು ತಾಲ್ಲೂಕಿನ ಕಗ್ಗೆರೆಯಲ್ಲಿ ತೋಂಟದ ಸಿದ್ಧಲಿಂಗೇಶ್ವರರು ಮೈಮೇಲೆ ಹುತ್ತ ಬೆಳೆಯುವಷ್ಟು ಕಾಲ ಅಲುಗದೆ ತಪಸ್ಸಿನಲ್ಲಿ ಕುಳಿತಿದ್ದರೆಂಬ ಕಥೆಯನ್ನು ಎಡೆಯೂರಿಗೆ ಹೋಗಿಬರುವ ಭಕ್ತರೆಲ್ಲರೂ ಬಲ್ಲರು. ಹೊರಗಿನಿಂದ ನೋಡುವವನಿಗೆ ನಿಶ್ಚಲತೆಯು ಎರಡು ಕಡೆಯಲ್ಲಿಯೂ ಒಂದೇ. ಒಳಗಿನದು ಬೇರೆ. ಆದುದರಿಂದ ನಿಶ್ಚಲತೆಯನ್ನು ಕಂಡು ಯೋಗಿಯೆನ್ನುವುದೂ ಬೇಡ, ಕಪಟಿಯೆನ್ನುವುದೂ ಬೇಡ. ಇನ್ನು ಮೀನನ್ನು ತಿನ್ನುವ ಮಾತು. ಪಾಪವೆಂಬುದು ಬೇರೆ ಹಾದಿಯಿದ್ದೂ ಅದನ್ನು ಬಿಟ್ಟವನಿಗೆ ಅಂಟತಕ್ಕದ್ದು. ಕೊಕ್ಕರೆಗೆ ಬೇರೆ ಹಾದಿಯನ್ನು ಶಿವನು ಕೊಟ್ಟಿಲ್ಲ; ನಮಗೆ ಕೊಟ್ಟಿದ್ದಾನೆ. ನಮ್ಮ ಮನೆಯ ಆಚಾರವು ನಮಗೆ. ಅದನ್ನು ಕೆರೆಯ ಮೇಲೆ ಹೇರಿದರೆ ಕೆರೆಯೂ ಉಳಿಯದು, ಆಚಾರದ ಅರ್ಥವೂ ಉಳಿಯದು. ಮೀನನ್ನು ಹಿಡಿದ ಮಿಂಚುಳ್ಳಿಯನ್ನು ನೋಡುವಾಗ ಹುಟ್ಟುವ ಸಂತೋಷವು ಮೀನಿನ ಸಾವಿಗಾಗಿ ಹುಟ್ಟಿದುದಲ್ಲ. ಹಾಗೆ ಸಾವಿನಲ್ಲಿಯೇ ಸಂತೋಷಪಡುವವರೂ ಇದ್ದಾರೆ. ಅಂಥವರು ಏರಿಯ ಮೇಲೆ ನಿಲ್ಲುವುದಕ್ಕಿಂತ ಮನೆಯಲ್ಲಿರುವುದು ಲೇಸು.

ಈಗ ಕಣ್ಣಿನ ಮಾತಿಗೆ ಬರೋಣ. ಷಟ್‌ಸ್ಥಲದ ವಿಚಾರವನ್ನು ಬಲ್ಲ ವಾಚಕರಿಗೆ ಅರ್ಪಿತದ ಕ್ರಮವು ಹೊಸದಲ್ಲ. ಗಂಧವು ಆಚಾರಲಿಂಗಕ್ಕೆ, ರುಚಿಯು ಗುರುಲಿಂಗಕ್ಕೆ, ರೂಪು ಶಿವಲಿಂಗಕ್ಕೆ, ಸ್ಪರ್ಶವು ಜಂಗಮಲಿಂಗಕ್ಕೆ, ಶಬ್ದವು ಪ್ರಸಾದಲಿಂಗಕ್ಕೆ, ತೃಪ್ತಿಯು ಮಹಾಲಿಂಗಕ್ಕೆ ಸಲ್ಲತಕ್ಕದ್ದು. ಇಂದ್ರಿಯವನ್ನು ಕಟ್ಟಿಹಾಕೆಂದು ಇಲ್ಲಿ ಹೇಳಿಲ್ಲ. ಬಂದುದನ್ನು ಮೊದಲು ಕೊಟ್ಟು, ಅನಂತರ ಪ್ರಸಾದವಾಗಿ ಕೊಳ್ಳೆಂದು ಹೇಳಿದೆ. ಆದುದರಿಂದ ಕಣ್ಣಿಗೆ ಹಬ್ಬವಾಯಿತೆಂಬ ಮಾತ್ರಕ್ಕೆ ಅದು ವಿಷಯಸುಖವೆಂದು ತಳ್ಳಲು ಬಾರದು. ಪ್ರಶ್ನೆಯು ಹಬ್ಬದ್ದಲ್ಲ, ಎಂಜಲಿನದು. ಕಂಡ ರೂಪನ್ನು "ಇದು ನನಗೆ ಬೇಕು" ಎಂದು ಮೊದಲೇ ಬಾಯಿಹಾಕಿದೆವೋ, ಇಲ್ಲವೆ ಬಂದಾಗ ಬಂದುದನ್ನು ಕೈಯೊಡ್ಡಿ ಕೊಂಡೆವೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕೆರೆಯ ಏರಿಯ ಮೇಲೆ ನಿಂತವನಿಗೆ ಈ ಭೇದವು ಪುಸ್ತಕವಿಲ್ಲದೆಯೇ ತಿಳಿಯುತ್ತದೆ. ಏಕೆಂದರೆ ಹಕ್ಕಿಯು ಕರೆದರೆ ಬರುವುದಿಲ್ಲ. ತಡಮಾಡಿದರೆ ಕಾಯುವುದಿಲ್ಲ. ದುಡ್ಡಿಗೆ ಬಗ್ಗುವುದಿಲ್ಲ. ಹಿಂದಿನ ವರ್ಷ ಇದೇ ಜೊಂಡಿನ ಬಳಿ ಕಂಡ ಹಕ್ಕಿಯು ಈ ವರ್ಷ ಕಾಣದಿದ್ದರೆ ಯಾರ ಬಳಿಯೂ ದೂರು ಕೊಡುವಂತಿಲ್ಲ. ಚಳಿಯಲ್ಲಿ ಎರಡು ಗಂಟೆ ನಿಂತು, ನಾಮದ ಕೋಳಿ ಗುಳುಮುಳುಕಗಳನ್ನು ಬಿಟ್ಟು ಮತ್ತೇನನ್ನೂ ಕಾಣದೆ ಮನಸ್ಸು ಕಹಿಯಾಗದಂತೆ ಮನೆಗೆ ಹಿಂದಿರುಗುವುದನ್ನು ಕಲಿತವನು ಒಂದು ಬಗೆಯ ನಿಯಮವನ್ನು ಕಲಿತಂತೆಯೇ ಸರಿ.

ಆದರೆ ಹೀಗೆ ಕಲಿಯದವರ ಸಂಖ್ಯೆಯೇ ಈಗ ಹೆಚ್ಚುತ್ತಿದೆಯೆಂದು ವ್ಯಸನದಿಂದ ಹೇಳಬೇಕಾಗಿದೆ. ಕೈಗೊಂದು ಕ್ಯಾಮೆರಾ ಬಂದ ಮೇಲೆ ಕಣ್ಣಿಗೆ ಕೈ ಬಂದಂತಾಯಿತು. ನೋಡಿದ್ದು ಸಾಲದು, ಹಿಡಿದು ತರಬೇಕು, ನಾಲ್ಕು ಜನರಿಗೆ ತೋರಿಸಬೇಕು. ಇದಕ್ಕಾಗಿ ಗೂಡಿನ ಬಳಿಗೆ ಹೋಗುವರು, ಅಡ್ಡಬಂದ ರೆಂಬೆಯನ್ನು ಕಡಿಯುವರು, ಹಾರುವ ಚಿತ್ರ ಬೇಕೆಂದು ಕಲ್ಲೆಸೆದು ಎಬ್ಬಿಸುವರು, ಮೊಬೈಲಿನಲ್ಲಿ ಅದರದೇ ದನಿಯನ್ನು ಹಾಕಿ ವಂಚಿಸಿ ಕರೆಯುವರು. ತಾಯಿಹಕ್ಕಿಯು ಹೆದರಿ ಎದ್ದುಹೋದ ಅರ್ಧಗಂಟೆಯಲ್ಲಿ ಬಿಸಿಲಿಗೆ ಮೊಟ್ಟೆ ಕೆಡುವುದು, ಇಲ್ಲವೆ ಕಾಗೆಯ ಪಾಲಾಗುವುದು. ಸಾವಿರಾರು ಮೈಲಿ ಹಾರಿಬಂದ ಬಾತು ಮತ್ತೆ ಅಷ್ಟೇ ದೂರ ಹಿಂದಿರುಗಬೇಕಾದರೆ ಮೈಯಲ್ಲಿ ಕೊಬ್ಬನ್ನು ಕೂಡಿಡಬೇಕು. ದಿನಕ್ಕೆ ಹತ್ತು ಸಲ ಎಬ್ಬಿಸಿದರೆ ಅದು ಕೂಡಿಟ್ಟಿದ್ದು ನಮ್ಮ ಚಿತ್ರಕ್ಕೆ ಖರ್ಚಾಗಿಹೋಗುತ್ತದೆ. ಕೆಸರುಹಕ್ಕಿಗಳಲ್ಲಿ ಅತಿ ಚಿಕ್ಕದೊಂದು ತೂಗಿದರೆ ಎರಡು ತೊಲದಷ್ಟಿರುವುದು; ಉತ್ತರಧ್ರುವದ ಬಳಿಯಿಂದ ಬರುವುದು. ಅದರ ಬಳಿ ನಮಗೆ ದಾನಮಾಡುವಷ್ಟು ಕೊಬ್ಬು ಎಲ್ಲಿಂದ ಬಂದೀತು? ಕೈಯಿಂದ ಮುಟ್ಟದಿದ್ದರೂ ಹಿಂಸೆಯಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಮುಂಚೆ ಪರವಾನಗಿ ಪಡೆದು ಕೋವಿಯಿಂದ ಬಾತು ಹೊಡೆಯುವುದು ದೊಡ್ಡಮನುಷ್ಯರ ವಿನೋದವಾಗಿತ್ತು. 'ಎಷ್ಟು ಹೊಡೆದೆ?' ಎಂಬ ಪ್ರಶ್ನೆಯು ಹೋಗಿ 'ಎಷ್ಟು ತೆಗೆದೆ?' ಎಂಬುದು ಬಂದಿದೆ. ಕೋವಿಯು ಹೋದುದು ಒಳ್ಳೆಯದಾಯಿತು. ಕೊಳ್ಳುವ ಬಯಕೆಯು ಹೋಗಿದೆಯೆ ಎಂದು ಮಾತ್ರ ನೋಡಿಕೊಳ್ಳಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಪಟ್ಟಣದವನ ಧರ್ಮವನ್ನು ಹೇಳಿದಂತಾಯಿತೇ ಹೊರತು ಹಳ್ಳಿಯವನದಾಗಲಿಲ್ಲ. ನೋಡಿ ಮನೆಗೆ ಹೋಗುವವನಿಗೆ ಅಹಿಂಸೆಯು ಸುಲಭ. ಹಕ್ಕಿಯ ಜೊತೆಯಲ್ಲಿ ಬದುಕುವವನಿಗೆ ಹಾಗಲ್ಲ. ಹೆಬ್ಬಾತುಗಳು ಹಗಲು ನೀರಿನಲ್ಲಿ ವಿಶ್ರಮಿಸಿ ರಾತ್ರಿ ಹೊಲಕ್ಕಿಳಿದು ಎಳೆಯ ಪೈರನ್ನು ಮೇಯುವವು. ಕೆರೆಯ ಮೀನನ್ನು ಹರಾಜಿನಲ್ಲಿ ಹಿಡಿದವನು ಸಾಲಮಾಡಿ ಕಾಟ್ಲ, ರೋಹು ಮರಿಗಳನ್ನು ಬಿಟ್ಟಿರುವನು. ನೀರುಕಾಗೆಗಳ ಹಿಂಡು ಮುಳುಗಿ ಮುಳುಗಿ ಅವನ್ನೇ ತಿನ್ನುವುದು. ಇವರಿಗೆ ದಯೆಯನ್ನು ಬೋಧಿಸುವ ಮೊದಲು ಬೋಧಕನ ಹೊಟ್ಟೆಯು ಯಾರ ಹೊಲದಿಂದ ತುಂಬುತ್ತದೆಂದು ಕೇಳಿಕೊಳ್ಳುವುದು ಮರ್ಯಾದೆ. ಪಟಾಕಿ ಹೊಡೆದು ಹಕ್ಕಿಯನ್ನು ಓಡಿಸುವ ರೈತನನ್ನು ಪಾಪಿಯೆನ್ನಲು ನನ್ನ ನಾಲಗೆ ಏಳದು. ವಿಷವಿಟ್ಟು ಕೊಲ್ಲುವವನ ಮಾತು ಬೇರೆ.

ಹೀಗಿದ್ದೂ ಈ ಕಷ್ಟವನ್ನು ತಲೆಯ ಮೇಲೆ ಹೊತ್ತುಕೊಂಡ ಊರುಗಳು ನಮ್ಮ ನಡುವೆ ಇವೆಯೆಂಬುದು ಸಾಮಾನ್ಯ ಸಂಗತಿಯಲ್ಲ. ನಮ್ಮ ಜಿಲ್ಲೆಯದೇ ಆದ ಸಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದುಬಕಗಳೂ ಗೂಡುಕಟ್ಟುವವು. 1999ರಲ್ಲಿ ತುಮಕೂರಿನ ಪಕ್ಷಿವೀಕ್ಷಕರ ಮೂಲಕ ಹೊರಗಿನವರಿಗೆ ಈ ಸಂಗತಿ ತಿಳಿಯಿತು. ತಿಳಿಯುವುದಕ್ಕೆ ಮುಂಚೆ ಅಲ್ಲಿ ಇಲಾಖೆಯ ಫಲಕವಿರಲಿಲ್ಲ, ಪ್ರಶಸ್ತಿಯಿರಲಿಲ್ಲ. ಊರಿನವರು ತಾವಾಗಿಯೇ ಕಾಪಾಡಿಕೊಂಡಿದ್ದರು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹೆಸರು ಇನ್ನೂ ಪ್ರಸಿದ್ಧವಾದುದು. ಅಲ್ಲಿ ಬಣ್ಣದ ಕೊಕ್ಕರೆಗಳ ಜೊತೆಗೆ ಹೆಜ್ಜಾರ್ಲೆಗಳೂ ಬಂದು ಮರಿಮಾಡುವವು. ಆ ಊರಿನವರು ಇವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕರೆಯುವರು. ಈ ಮಾತನ್ನು ನಿಂತು ಯೋಚಿಸಬೇಕು. ಅವರು ಹಕ್ಕಿಯನ್ನು ದೇವರೆನ್ನಲಿಲ್ಲ, ಜಂಗಮವೆನ್ನಲಿಲ್ಲ, ಮಗಳೆಂದರು. ತವರಿಗೆ ಬಂದ ಮಗಳು ಉಪಕಾರ ಮಾಡುವಳೆಂದು ಯಾರೂ ಲೆಕ್ಕ ಹಾಕುವುದಿಲ್ಲ. ಅವಳ ಮಗು ರಾತ್ರಿಯೆಲ್ಲ ಅತ್ತರೆ ಯಾರೂ ಹೊರಗೆ ಕಳುಹಿಸುವುದಿಲ್ಲ. ಅಂಗಳ ಹೊಲಸಾಗುತ್ತದೆ, ಗುಡಿಸುವರು. ಮರದಿಂದ ಬಿದ್ದ ಮರಿಗಳನ್ನು ಸಾಕಿ ಹಾರಬಿಡುವುದಕ್ಕೆ 'ಹೆಜ್ಜಾರ್ಲೆ ಬಳಗ'ವೆಂದು ಊರಿನವರೇ ಒಂದು ಸಂಘವನ್ನು ಮಾಡಿಕೊಂಡರು.

ಇಲ್ಲಿ ಶಂಕೆಯೊಂದು ಏಳುವುದು. ಹುಣಸೆಯ ಫಸಲು ನಷ್ಟವಾಗುವುದಕ್ಕೆ ಬೆಳ್ಳೂರಿನ ಮರಗಳ ಒಡೆಯರಿಗೆ ಅರಣ್ಯ ಇಲಾಖೆಯು ಪರಿಹಾರದ ಹಣ ಕೊಡುತ್ತ ಬಂದಿದೆ. ಮರದ ಕೆಳಗೆ ಬೀಳುವ ಹಿಕ್ಕೆಯು ಒಳ್ಳೆಯ ಗೊಬ್ಬರವೂ ಆಗಿದೆ. ಕೆಳಗೆ ಗುಂಡಿ ತೋಡಿ, ಕೆರೆಯ ಗೋಡುಮಣ್ಣು ಬೆರೆಸಿ ಹೊಲಕ್ಕೆ ಹಾಕುವುದುಂಟು. ಹಾಗಾದರೆ ಇದು ದಾಸೋಹವೋ ವ್ಯಾಪಾರವೋ? ಕೂಲಿಯಿದ್ದಲ್ಲಿ ದಯೆಯಿಲ್ಲವೆಂದು ವಾದಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ. ಹಣ ಬರುವುದಕ್ಕೆ ಮುಂಚೆಯೂ ಮರಗಳನ್ನು ಬಿಟ್ಟುಕೊಟ್ಟಿದ್ದರೆಂಬುದು ಒಂದು. ಎರಡನೆಯದಾಗಿ, ಬಡವನ ದಯೆಯನ್ನು ಹೊಗಳಿ ಅವನ ನಷ್ಟವನ್ನು ಅವನಿಗೇ ಬಿಡುವುದು ನಮ್ಮ ಪುಣ್ಯವನ್ನು ಅವನ ಖರ್ಚಿನಲ್ಲಿ ಸಂಪಾದಿಸಿದಂತೆ. ನಾಡಿನವರೆಲ್ಲರೂ ನೋಡಿ ಸಂತೋಷಪಡುವ ಹಕ್ಕಿಗೆ ಒಬ್ಬನ ಹುಣಸೆಮರ ಮಾತ್ರ ತೆರಿಗೆ ಕೊಡಬೇಕೆ? ಪರಿಹಾರವು ಕೊಟ್ಟವನ ಧರ್ಮ, ಬಿಟ್ಟವನ ಧರ್ಮ ಬೇರೆಯೇ ಇದೆ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಆದರೆ ಊರಿನವರ ದಯೆಯೊಂದೇ ಸಾಲದೆಂಬುದನ್ನೂ ಬೆಳ್ಳೂರು ತೋರಿಸಿಕೊಟ್ಟಿದೆ. 2017ರ ಕೊನೆಯಿಂದ ಮುಂದಿನ ವರ್ಷಕ್ಕೆ ಹಬ್ಬಿ ಅಲ್ಲಿ ಹೆಜ್ಜಾರ್ಲೆಗಳು ಒಂದರ ಮೇಲೊಂದು ಸತ್ತುಬಿದ್ದವು. ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ಹುಳುಗಳಿದ್ದವು. ತಿಂದ ಮೀನಿನಿಂದ ಬಂದವು. ಮಗಳಿಗೆ ತವರಿನಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಅವಳು ಉಂಡ ಊಟವು ಬೇರೆ ಬೇರೆ ಊರುಗಳ ಕೆರೆಗಳಿಂದ ಬಂದಿತ್ತು. ಹೆಜ್ಜಾರ್ಲೆಯು ಮೀನಿಗಾಗಿ ಹತ್ತಾರು ಮೈಲಿ ಹಾರುವ ಹಕ್ಕಿ. ಒಂದು ಊರು ಮರ ಕೊಟ್ಟರೆ ಇನ್ನೊಂದು ಊರು ನೀರನ್ನು ಕೊಡಬೇಕು. ಆ ಇನ್ನೊಂದು ಊರು ನಮ್ಮದೇ ಆಗಿರಬಹುದು.

ನಮ್ಮ ಸೀಮೆಯ ಕೆರೆಗಳಿಗೆ ಈಗ ಮಳೆಯ ಜೊತೆಗೆ ಹೇಮಾವತಿಯ ನಾಲೆಯೂ ಆಸರೆ. ಗೊರೂರಿನಿಂದ ಬರುವ ಆ ನೀರಿನಲ್ಲಿ ಗುಬ್ಬಿಗೆಷ್ಟು, ತುಮಕೂರಿಗೆಷ್ಟು, ಕುಣಿಗಲಿಗೆಷ್ಟು ಎಂಬ ವಾದವು ಎಲ್ಲರಿಗೂ ತಿಳಿದದ್ದೇ. ಯಾವ ಪಕ್ಷದ ವಾದವು ಸರಿಯೆಂದು ಹೇಳುವುದು ಈ ಲೇಖನದ ಕೆಲಸವಲ್ಲ. ಆದರೆ ಪಾಲಿನ ಪಟ್ಟಿಯಲ್ಲಿ ಕುಡಿಯುವುದಕ್ಕಿಷ್ಟು, ಬೆಳೆಗಿಷ್ಟು, ಕಾರ್ಖಾನೆಗಿಷ್ಟು ಎಂದು ಬರೆಯುವವರು ಕೆರೆಗೆಂದೇ ಒಂದಿಷ್ಟು ಎಂದು ಬರೆದುದನ್ನು ನಾನು ಕಂಡಿಲ್ಲ.

ಕೆರೆಯನ್ನು ತುಂಬಿಸಿದ ಮಾತ್ರಕ್ಕೆ ಹಕ್ಕಿಗೆ ಒಳ್ಳೆಯದಾಗುವುದೆಂದೂ ತಿಳಿಯಲಾಗದು. ಗೊರವನಿಗೆ ಬೇಕಾದುದು ಕಾಲು ಮುಳುಗುವಷ್ಟು ಕೆಸರು, ಸಲಿಕೆಕೊಕ್ಕಿನ ಬಾತಿಗೆ ಬೇಕಾದುದು ಆಳವಿಲ್ಲದ ನೀರು, ಜಂಬುಕೋಳಿಗೆ ಜೊಂಡು. ಈಚೆಗೆ ಕೆರೆಯ ಸೌಂದರ್ಯೀಕರಣವೆಂಬ ಹೆಸರಿನಲ್ಲಿ ಅಂಚನ್ನೆಲ್ಲ ಕಡಿದಾಗಿ ಅಗೆದು, ಕಲ್ಲು ಕಟ್ಟಿ, ಜೊಂಡನ್ನು ಕಿತ್ತು, ಸುತ್ತಲೂ ನಡೆದಾಡುವ ಹಾದಿ ಮಾಡಿ, ರಾತ್ರಿಯೆಲ್ಲ ದೀಪ ಉರಿಸುವ ಪದ್ಧತಿ ಹಬ್ಬಿದೆ. ಪಟ್ಟಣದ ಜನರಿಗೆ ಕಾಲಾಡಿಸಲು ಜಾಗ ಬೇಡವೆಂದು ನಾನು ಹೇಳೆನು. ಆದರೆ ನಮ್ಮ ಕಣ್ಣಿಗೆ ಚೊಕ್ಕಟವಾಗಿ ಕಂಡುದು ಹಕ್ಕಿಗೆ ಬಾಗಿಲು ಮುಚ್ಚಿದ ಮನೆಯಾಗುವುದು. ನೋಡುವುದಕ್ಕಾಗಿ ಕೆರೆಯನ್ನು ಸಿಂಗರಿಸಿ, ನೋಡತಕ್ಕುದನ್ನೇ ಓಡಿಸುವುದು! ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದು ಆ ಕೆಲಸವನ್ನೇ ಪ್ರಶ್ನಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಕೆರೆಯು ಬೇಡವೆಂದಲ್ಲ ಪ್ರಭುವಿನ ಆಕ್ಷೇಪ. ಕಟ್ಟಿದೆನೆಂಬವನು ಅದರಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳಬಾರದೆಂದು. ನೀರಿನಲ್ಲಿ ಮುಖ ನೋಡಿಕೊಳ್ಳುವ ಚಾಳಿಯು ನಮಗೆ ಇನ್ನೂ ಹೋಗಿಲ್ಲ.

ಕಡೆಗೆ ರೈತನ ಪ್ರಶ್ನೆಗೆ ಉತ್ತರವೇನು? ಸಿಕ್ಕಿದ್ದು ಏನು? ಸಾಲಿಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಂಚರಿಸಿ ಹಕ್ಕಿಗಳ ಸಮೀಕ್ಷೆಯನ್ನು ಮಾಡಿಟ್ಟರು. 1987ರಿಂದ ಪ್ರತಿವರ್ಷವೂ ಜನವರಿಯಲ್ಲಿ ಏಷ್ಯದ ಅನೇಕ ದೇಶಗಳಲ್ಲಿ ನೀರುಹಕ್ಕಿಗಳ ಗಣತಿಯು ನಡೆಯುತ್ತಿದೆ. ಸಂಬಳವಿಲ್ಲದ ಜನರೇ ಕೆರೆಯಿಂದ ಕೆರೆಗೆ ಹೋಗಿ ಎಣಿಸಿ ಬರೆದು ಕಳುಹಿಸುವರು. ಯಾವ ಕೆರೆಯಲ್ಲಿ ಯಾವ ವರ್ಷ ಯಾವ ಹಕ್ಕಿ ನಿಂತುಹೋಯಿತೆಂದು ಹೇಳಬಲ್ಲವರು ಇವರು ಮಾತ್ರ. ಈ ಗಣತಿಯಲ್ಲಿ ನನಗೆ ಮೆಚ್ಚಿಕೆಯಾದ ಒಂದು ನಿಯಮವಿದೆ. ಕೆರೆಗೆ ಹೋಗಿ ಒಂದು ಹಕ್ಕಿಯೂ ಕಾಣದಿದ್ದರೆ ಕಾಗದವನ್ನು ಹರಿದುಹಾಕತಕ್ಕದ್ದಲ್ಲ. ಸೊನ್ನೆಯೆಂದು ಬರೆದು ಕಳುಹಿಸತಕ್ಕದ್ದು. ಲಾಭವಿಲ್ಲದ ದಿನದ ಲೆಕ್ಕವನ್ನೂ ನಿಜವಾಗಿ ಬರೆಯುವುದು ಕಾಯಕವಲ್ಲದಿದ್ದರೆ ಕಾಯಕವೆಂದರೆ ಮತ್ತೇನು?

ಬಾತುಗಳು ಹೊರಟುಹೋದ ಮೇಲೆ, ಚೈತ್ರ ವೈಶಾಖಗಳಲ್ಲಿ, ನೀರು ಹಿಂದೆ ಸರಿದ ಕೆರೆಯಂಗಳದಲ್ಲಿ ಇನ್ನೊಂದು ಕೆಲಸವು ನಡೆಯುತ್ತದೆ. ಟಿಟ್ಟಿಭವು ಗೂಡಿಲ್ಲದೆ, ಬರಿಯ ನೆಲದಲ್ಲಿ ಬೆಣಚುಕಲ್ಲುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆಯಿಡುವುದು. ಮೊಟ್ಟೆಯ ಬಣ್ಣವು ಮಣ್ಣಿನ ಬಣ್ಣವೇ. ಎರಡು ಮಾರು ದೂರದಿಂದ ಕಾಣದು. ಅದೇ ದಿನಗಳಲ್ಲಿ ಊರಿನವರು ಹೂಳು ತೆಗೆಯಲು ಟ್ರ್ಯಾಕ್ಟರುಗಳನ್ನು ಇಳಿಸುವರು. ಹೂಳು ತೆಗೆಯುವುದು ಹೊಲಕ್ಕೂ ಒಳ್ಳೆಯದು, ಕೆರೆಗೂ ಒಳ್ಳೆಯದು. ಮಳೆ ಬಂದ ಮೇಲೆ ತೆಗೆಯಲು ಬಾರದು. ಪಂಚತಂತ್ರದಲ್ಲಿ ಟಿಟ್ಟಿಭದ ಮೊಟ್ಟೆಗಳನ್ನು ಸಮುದ್ರವು ಕೊಂಡೊಯ್ದಾಗ ಗರುಡನಿಂದ ಮೊದಲ್ಗೊಂಡು ವಿಷ್ಣುವಿನವರೆಗೆ ದೂರು ಹೋಯಿತು. ಇಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ತಲೆಯ ಮೇಲೆ ಸುತ್ತುತ್ತ ಅದು ಕಿರಿಚಿಕೊಂಡರೆ ಮೊಟ್ಟೆಯು ಬಳಿಯಲ್ಲಿಯೇ ಇದೆಯೆಂದು ದನ ಕಾಯುವ ಹುಡುಗರು ಬಲ್ಲರು. ಅವರನ್ನು ಕೇಳಿ, ಆ ಜಾಗದ ಸುತ್ತ ನಾಲ್ಕು ಕಲ್ಲು ನೆಟ್ಟು, ಹತ್ತು ಮಾರು ನೆಲವನ್ನು ಬಿಟ್ಟು ಉಳಿದ ಕಡೆ ಅಗೆಯಬಹುದು. ಮೊಟ್ಟೆಯೊಡೆಯಲು ಇಪ್ಪತ್ತೆಂಟರಿಂದ ಮೂವತ್ತು ದಿನ ಬೇಕು. ಮರಿಗಳು ಹುಟ್ಟಿದ ಸ್ವಲ್ಪ ಹೊತ್ತಿನಲ್ಲಿಯೇ ಎದ್ದು ನಡೆಯುವವು. ಆಮೇಲೆ ಆ ಹತ್ತು ಮಾರಿನ ಹೂಳನ್ನೂ ತೆಗೆಯಬಹುದು.